ಅತ್ತೆಯ ಕಣ್ಣಳತೆ

ನಮ್ಮ ಅತ್ತೆಯ ಮುಂದೆ ನಿಂತು ಮಾನ ಉಳಿಸಿಕೊಂಡು ವಾಪಸ್ ಬಂದ ಹೆಂಗಸು ಗುಬ್ಬಿಯಲ್ಲಿ ಒಬ್ಬಳೂ ಇಲ್ಲ! ಅಪ್ಪನ ಅಕ್ಕ ಇವಳು. ನಲವತ್ತು ವರ್ಷ ನಮ್ಮ ಜವಳಿ ಅಂಗಡಿಯ ಹಿಂಭಾಗದಲ್ಲಿ ಮೆಷಿನ್ ತುಳಿದವಳು. ಊರ ಹೆಂಗಸರ ಮೈ ಮುಚ್ಚಿದ್ದೂ ಅವಳೇ, ಆ ಮೈಯ ಗುಟ್ಟನ್ನು ಬೀದಿಗೆಲ್ಲ ಕೇಳೋ ಹಾಗೆ ಕೂಗಿದ್ದೂ ಅವಳೇ.

ಅತ್ತೆ ಟೇಪು ಹಿಡಿದು ಅಳತೆ ತೆಗೆದದ್ದನ್ನು ನಾನಂತೂ ನೋಡಿಲ್ಲ. ಟೇಪು ಇತ್ತು, ಕತ್ತಿನಲ್ಲಿ ನೇತಾಡುತ್ತಿತ್ತು. ಗಂಡ ಸತ್ತು ಕುಣಿಗಲ್‌ನಿಂದ ತವರಿಗೆ ಬಂದ ಮೇಲೆ ಅವಳ ಕತ್ತಿನಲ್ಲಿ ಉಳಿದ ಒಡವೆ ಅದೊಂದೇ. ಗಿರಾಕಿ ಹೊಸಲು ದಾಟುವಷ್ಟರಲ್ಲಿ ಅವಳ ಕಣ್ಣು ಎಲ್ಲಾ ಅಳೆದು ಮುಗಿಸಿರುತ್ತಿತ್ತು. "ಮೂವತ್ತೆಂಟು ಸಾಲ್ದು ಕಣಮ್ಮ, ನಲವತ್ತು ಬೇಕು. ಗೌರಿ ಹಬ್ಬದಿಂದ ಈಚೆಗೆ ಊದ್ಬುಟ್ಟಿದೀಯ!" ಅಂಗಡಿ ತುಂಬ ಜನ. ಪಾಪ, ಆ ಹೆಂಗಸು ಎಲ್ಲಿ ಹೋಗಿ ಬಚ್ಚಿಟ್ಟುಕೊಳ್ಳಬೇಕು? ಆದರೂ ಮತ್ತೆ ಬರುತ್ತಿದ್ದರು. ಅತ್ತೆ ಹೊಲಿದ ರವಿಕೆ ಒಂದು ನೂಲು ಹೆಚ್ಚುಕಮ್ಮಿ ಆದದ್ದಿಲ್ಲ.

ಅವಳಿಗೆ ಅಕ್ಷರ ಬಾರದು, ಅಂಕಿ ಮಾತ್ರ ಬರುತ್ತೆ. ಹೆಸರು ನೆನಪಿರೋದಿಲ್ಲ, ಅಳತೆ ಮರೆಯೋದಿಲ್ಲ. "ಮೂವತ್ತಾರರ ಮಗಳಿಗೆ ಮದ್ವೆಯಂತೆ ಕಣೇ" ಅಂತ ಸುದ್ದಿ ತರುತ್ತಿದ್ದಳು. ಯಾವ ಮೂವತ್ತಾರು ಅಂತ ಕೇಳಿದರೆ, "ಅದೇ, ಬಲಗೈ ಅರ್ಧ ಇಂಚು ಉದ್ದ ಇರೋಳು!" ನಿಮ್ಮ ಮನೆಯವರ ಯಾವ ಕೈ ಉದ್ದ ಅಂತ ನಿಮಗೆ ಗೊತ್ತಾ? ಅತ್ತೆಯನ್ನು ಕೇಳಿ, ಹೇಳುತ್ತಾಳೆ.

ನನಗೆ ಬಂದ ಮೊದಲ ಸಂಬಂಧ ಮುರಿದದ್ದೂ ಈ ಕಣ್ಣಿನಿಂದಲೇ. ನಾನಾಗ ದಿನಾ ತುಮಕೂರಿಗೆ ಬಸ್ಸಿನಲ್ಲಿ ನಿಂತುಕೊಂಡು ಹೋಗಿ ಬಿ.ಎ. ಎರಡನೇ ವರ್ಷ ಓದುತ್ತಿದ್ದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ಬೇರೆ ಯಾರೂ ಇರಲಿಲ್ಲ. ಅಪ್ಪ ತೋಟದ ಮನುಷ್ಯ, ಬಾಯಿಲ್ಲ. ಅಂಗಡಿಯ ಗಲ್ಲಾದಲ್ಲಿ ಕೂರುವ ಚಿಕ್ಕಪ್ಪನದೇ ಮಾತು. ಹೆಣ್ಣುಮಗಳಿಗೆ ಇಷ್ಟು ಓದು ಸಾಕು ಅಂತ ಅಮೃತೂರಿನ ಕಡೆಯ ಗಂಡನ್ನು ಕರೆಸಿಯೇಬಿಟ್ಟರು. ಹುಡುಗ ಉಪ್ಪಿಟ್ಟು ಬಾಯಿಗಿಡುವ ಹೊತ್ತಿಗೆ ಅತ್ತೆ ಅವನನ್ನು ಮೇಲಿಂದ ಕೆಳಗೆ ನೋಡಿ, "ಎಡಗಡೆ ಭುಜ ಮುಕ್ಕಾಲು ಇಂಚು ಕುಸಿದೈತಲ್ಲಪ್ಪ! ಚಿಕ್ಕೋನಿದ್ದಾಗ ಬಿದ್ದಿದ್ಯಾ? ಎಲ್ಲಾದ್ರೂ ತೋರ್ಸಿದ್ರಾ?" ಅಂದಳು. ಹುಡುಗನ ತಾಯಿ ತಟ್ಟೆ ಕೆಳಗಿಟ್ಟರು. ಅಲ್ಲಿಗೆ ಮುಗಿಯಿತು. ಚಿಕ್ಕಪ್ಪ ಒಂದು ತಿಂಗಳು ಅಕ್ಕನ ಜೊತೆ ಮಾತು ಬಿಟ್ಟರು.

"ನಿಜವಾಗ್ಲೂ ಅಷ್ಟು ಕುಸಿದಿತ್ತಾ ಅತ್ತೆ?" ಅಂತ ಆಮೇಲೆ ಕೇಳಿದೆ.

"ಎಲ್ಲಿ ಕುಸಿದಿತ್ತು? ಎರಡೂ ತಕ್ಕಡಿಲಿ ತೂಗಿದಂಗಿದ್ವು. ಸುಮ್ನೆ ಹೋಗಿ ಓದ್ಕೊ, ಪರೀಕ್ಷೆ ಐತಲ್ಲ."

ಅವಳು ಸುಳ್ಳು ಅಳತೆ ಹೇಳಿದ್ದು ಜೀವಮಾನದಲ್ಲಿ ಅದೊಂದೇ ಸಲ.

ಈಗ ನಮ್ಮ ಅಂಗಡಿ ತುಮಕೂರಿಗೆ ಬಂದಿದೆ. ಎರಡು ಮಹಡಿ, ಗಾಜಿನ ಬಾಗಿಲು, ಬಾಗಿಲ ಪಕ್ಕ ತಲೆಯಿಲ್ಲದ ಗೊಂಬೆಗಳು. ಎಲ್ಲಾ ರೆಡಿಮೇಡು. ಅತ್ತೆಯ ಮೆಷಿನ್ನನ್ನೂ ತಂದಿದ್ದಾರೆ! ಪಾಲಿಶ್ ಹೊಡೆದು, ಗಾಜಿನ ಪೆಟ್ಟಿಗೆಯಲ್ಲಿಟ್ಟು, ಮೇಲೆ ತಾತನ ಫೋಟೊ ಹಾಕಿದ್ದಾರೆ. 'ನಮ್ಮ ಸಂಸ್ಥಾಪಕರು ಬಳಸಿದ ಹೊಲಿಗೆ ಯಂತ್ರ' ಅಂತ ಬೋರ್ಡು. ತಾತ ಜೀವಮಾನವೆಲ್ಲ ಬಟ್ಟೆ ಹರಿದು ಮಾರಿದವರು. ಅವರು ಒಂದು ಗುಂಡಿ ಹೊಲಿದದ್ದನ್ನು ಕಂಡವರಿದ್ದರೆ ಬಂದು ಹೇಳಲಿ, ನಾನು ಈ ಬರಹ ಹರಿದು ಹಾಕುತ್ತೇನೆ.

ಓಪನಿಂಗಿಗೆ ಮುಂಚೆ ಚಿಕ್ಕಪ್ಪ ಫೋನ್ ಮಾಡಿದ್ದರು. "ನಮ್ಮ ವಂಶದಲ್ಲಿ ಡಿಗ್ರಿ ಮಾಡ್ದೋಳು ನೀನೇ ಮೊದ್ಲು. ಅಂಗಡಿ ಚರಿತ್ರೆ ಬರ್ಕೊಡಮ್ಮ, ಬಂದೋರಿಗೆಲ್ಲ ಹಂಚೋಣ." ಓದು ಸಾಕು ಅಂದಿದ್ದ ಬಾಯಿಂದಲೇ ಈ ಮಾತು! ಉಬ್ಬಿಹೋದೆ. ನಾಲ್ಕು ಪುಟ ಬರೆದೆ. ಅದರಲ್ಲಿ ಒಂದು ಪುಟ ಪೂರ್ತಿ ಅತ್ತೆಯದು. ತಾತ ಹಾಸಿಗೆ ಹಿಡಿದು ಬಟ್ಟೆ ವ್ಯಾಪಾರ ಬಿದ್ದುಹೋದ ಎರಡು ವರ್ಷ, ಬರೀ ಅವಳ ಹೊಲಿಗೆಯಿಂದ ಅಂಗಡಿಯ ಬಾಗಿಲು ತೆಗೆದಿತ್ತು ಅಂತ ಬರೆದೆ. ತಡೆಯಲಾಗದೆ ಅವಳಿಗೆ ಹೇಳಿಯೂಬಿಟ್ಟೆ: "ನಿನ್ನ ಬಗ್ಗೆ ಬರ್ದಿದೀನಿ ಅತ್ತೆ."

ಅಚ್ಚಾಗಿ ಬಂದದ್ದು ಒಂದೇ ಹಾಳೆ. ತಾತ, ಚಿಕ್ಕಪ್ಪ, ಚಿಕ್ಕಪ್ಪನ ಇಬ್ಬರು ಗಂಡುಮಕ್ಕಳು. ಅತ್ತೆಯ ಸುದ್ದಿಯೇ ಇಲ್ಲ.

"ಯಾಕೆ ಚಿಕ್ಕಪ್ಪ?"

"ಜಾಗ ಸಾಲ್ಲಿಲ್ಲ ಕಣಮ್ಮ."

ಹಾಳೆಯ ಹಿಂದುಗಡೆ ಸ್ವೀಟ್ ಅಂಗಡಿಯ ಜಾಹೀರಾತಿಗೆ ಮಾತ್ರ ಜಾಗ ಸಾಕಾಗಿತ್ತು! ಜಗಳ ಆಡಿದೆನಾ? ಇಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ ನನ್ನ ಹೆಸರಿತ್ತು, ಹೆಸರಿನ ಮುಂದೆ ಬಿ.ಎ. ಅಂತಿತ್ತು. ಅದನ್ನೇ ನೋಡುತ್ತ ಬಾಯಿ ಮುಚ್ಚಿಕೊಂಡೆ. ಮೂರು ವರ್ಷ ಬಸ್ಸಿನಲ್ಲಿ ನಿಂತು ಗಳಿಸಿದ ಎರಡಕ್ಷರ ಎಷ್ಟು ಅಗ್ಗಕ್ಕೆ ಹೋಯಿತು ನೋಡಿ.

ಓಪನಿಂಗ್ ದಿನ ಅತ್ತೆಯನ್ನು ಟ್ರಯಲ್ ರೂಮಿನ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದ್ದರು. ಕೈಯಲ್ಲಿ ಆ ಹಾಳೆ. ನನ್ನನ್ನು ಕಂಡಿದ್ದೇ, "ಬಾರೇ, ನಿನ್ನೇ ಕಾಯ್ತಾ ಇದ್ದೆ. ನನ್ನ ವಿಷ್ಯ ಎಲ್ಲೈತೆ? ಓದು" ಅಂದಳು.

ಓದಿದೆ. ಇಲ್ಲದ್ದನ್ನು ಓದಿದೆ! ತಾತನ ಸಾಲುಗಳ ಮೇಲೆ ಬೆರಳಿಟ್ಟು, ಚಿಕ್ಕಪ್ಪ ಕತ್ತರಿಸಿದ ಪುಟವನ್ನೆಲ್ಲ ನೆನಪಿನಿಂದ ಹೇಳಿದೆ. ಅವಳು ತವರಿಗೆ ಬಂದದ್ದು, ಆ ಎರಡು ವರ್ಷ, ಊರ ಮದುವಣಗಿತ್ತಿಯರೆಲ್ಲ ಅವಳು ಹೊಲಿದ ರವಿಕೆಯಲ್ಲೇ ಹಸೆಗೆ ಕೂತದ್ದು. ಅತ್ತೆ ನನ್ನ ಮುಖ ನೋಡಲಿಲ್ಲ. ಹಾಳೆಯನ್ನೇ ನೋಡುತ್ತಿದ್ದಳು.

"ಮುಗೀತಾ?"

"ಮುಗೀತು."

"ಎಲ್ಲಿಂದ ಎಲ್ಲೀಗಂಟ?"

ಬೆರಳು ಎಳೆದು ತೋರಿಸಿದೆ. ಮೂರು ಸಾಲು.

"ಇಷ್ಟು ಬಟ್ಟೇಲಿ ಅಷ್ಟು ದೊಡ್ಡ ರವಿಕೆ ಆಗಲ್ಲ ಕಣೇ" ಅಂದಳು ಅತ್ತೆ. ಮೆಲ್ಲಗೆ, ಪಕ್ಕದವರಿಗೂ ಕೇಳದ ಹಾಗೆ. ಅವಳು ಅಷ್ಟು ಸಣ್ಣ ದನಿಯಲ್ಲಿ ಅಳತೆ ಹೇಳಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ.

ನನಗೆ ತಲೆ ಎತ್ತಲಾಗಲಿಲ್ಲ. ಅವಳು ಹಾಳೆಯನ್ನು ನಾಲ್ಕು ಮಡಿಕೆ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

"ಬುಡು. ಇನ್ನೊಂದ್ಸಲ ಓದು."

ಹಾಳೆ ಅವಳ ಸೊಂಟದಲ್ಲಿತ್ತು. ನಾನು ಮೊದಲಿನಿಂದ ಶುರುಮಾಡಿದೆ.