ಮತ್ತಿ ಮರದ ಕಾರು

ಭಾನುವಾರ ಬೆಳಿಗ್ಗೆ ಪೂಜಿತಾ ತಾನೇ ಮಾಡಿದ ಮರದ ಕಾರನ್ನು ಅಪ್ಪನ ಮುಂದೆ ಹಿಡಿದಳು. ಜೀಪ್ ಓಡಿಸುವ ಗುಂಡಯ್ಯ ಅದಕ್ಕೆ ಉಗುರು ಒತ್ತಿದ. ಬೆಣ್ಣೆಗೆ ಒತ್ತಿದ ಹಾಗೆ ಗುಳಿ ಬಿತ್ತು.

“ಥೂ, ಹಾಲುವಾಣದ ಮರ! ತೂಕಾನೇ ಇಲ್ವಲ್ಲೇ! ಇಳಿಜಾರಲ್ಲಿ ಬುಟ್ರೆ ಅಲ್ಲೇ ನಿದ್ದೆ ಮಾಡ್ತದೆ. ಬಿಸಾಕು. ಗಟ್ಟಿ ಮರ ತಗಂಡ್ ಬಾ. ಎಲ್ಲಿಂದ ತಂದೆ ಅಂತ ನಾನು ಕೇಳಲ್ಲ.”

ಅವನ ಸಿಟ್ಟಿಗೆ ಕಾರಣವಿತ್ತು. ಮಧ್ಯಾಹ್ನ ದೋಣಿಗಲ್ಲಿನ ಎಸ್ಟೇಟ್ ರಸ್ತೆಯಲ್ಲಿ ಮಕ್ಕಳ ಕಾರು ಪಂದ್ಯ. ಹಿಂದಿನ ಸಂಜೆ ಟೀ ಅಂಗಡಿಯಲ್ಲಿ ಲಾರಿ ಚಾಂದ್ ಪಾಷಾ, “ನಮ್ ಶಾಜಿಯಾ ಕಾರಿನ ಧೂಳೂ ಸಿಗಲ್ಲ ನಿನ್ ಮಗಳಿಗೆ” ಅಂದಿದ್ದ. ಗುಂಡಯ್ಯ ಬೆಂಚು ಗುದ್ದಿ, ಸೋತವನು ಗೆದ್ದವನ ಗಾಡಿಯನ್ನು ಒಂದು ತಿಂಗಳು ತೊಳೆಯಬೇಕೆಂದು ಪಣ ಕಟ್ಟಿ ಬಂದಿದ್ದ. ಪಾಷಾನ ಲಾರಿ ತೊಳೆಯುವುದೆಂದರೆ ಆನೆಗೆ ಸ್ನಾನ ಮಾಡಿಸಿದ ಹಾಗೆ. ಅದೂ ಊರವರೆಲ್ಲ ನಗುತ್ತ ನಿಂತಿರುವಾಗ!

ಸ್ವಲ್ಪ ಹೊತ್ತಿಗೆ ಪೂಜಿತಾ ಕೆಂಪು ಬಣ್ಣ ಬಳಿದ ತುಂಡೊಂದನ್ನು ತಂದಿಟ್ಟಳು. ಮುಂದೆ ಚೂಪು, ಹಿಂದೆ ದಪ್ಪ, ಕಬ್ಬಿಣದ ಭಾರ.

“ಅಬ್ಬಬ್ಬಾ, ಕಾರಾಗಕ್ಕೇ ಹುಟ್ಟಿರೋ ಮತ್ತಿ ಕಣೇ ಇದು! ಎಲ್ಲಿತ್ತು?”

“ಕೇಳಲ್ಲ ಅಂದ್ರಲ್ಲಪ್ಪಾ.”

“ಹೌದೌದು. ಕೇಳಲ್ಲ.”

ಗುಂಡಯ್ಯ ಛತ್ರಿ ಕಡ್ಡಿ ಮುರಿದು ಅಚ್ಚು ಮಾಡಿಕೊಟ್ಟ. ಹವಾಯಿ ಚಪ್ಪಲಿಯನ್ನು ದುಂಡಗೆ ಕತ್ತರಿಸಿ ಚಕ್ರ ಹಾಕಿದ.

“ಅಯ್ಯೋ, ಅದು ನನ್ ಚಪ್ಲಿ!” ಹೆಂಡತಿ ಗಂಗಾಮಣಿ ಕೂಗಿದಳು.

“ನನ್ ಮಾನಕ್ಕಿಂತ ನಿನ್ ಚಪ್ಲಿ ದೊಡ್ದಾ? ಸುಮ್ಕಿರು.”

ಪಂದ್ಯದ ಜಾಗದಲ್ಲಿ ಗುಂಡಯ್ಯ ಜೀಪನ್ನು ರಸ್ತೆಯ ನೆತ್ತಿಯ ಮೇಲೆ ನಿಲ್ಲಿಸಿದ. ಅದರ ಹ್ಯಾಂಡ್‌ಬ್ರೇಕ್ ಸತ್ತು ಎರಡು ವರ್ಷ. ಗೇರೂ ನಿಲ್ಲುತ್ತಿರಲಿಲ್ಲ. “ಕೊಡೇ!” ಎಂದ. ದಿನದಂತೆ ಪೂಜಿತಾ ಹಾರಿ ಇಳಿದು ಚಕ್ರದಡಿಗೆ ಮರದ ತುಂಡು ಕೊಟ್ಟಳು. ಅವನು ತಿರುಗಿಯೂ ನೋಡದೆ ಎದೆ ಉಬ್ಬಿಸಿಕೊಂಡು ಕೆಳಗಿಳಿದ.

ಕಮಲಮ್ಮ ಟೀಚರ್ ಸೀಟಿ ಊದಿದರು. ಶಾಜಿಯಾಳ ಹಸಿರು ಕಾರು ತಿರುವಿನವರೆಗೂ ಮುಂದಿತ್ತು. ಅಲ್ಲಿಂದ ಕೆಂಪು ಕಾರು ಗುಂಡಿನಂತೆ ನುಗ್ಗಿ, ಒಂದು ಮೊಳ ಮುಂದಾಗಿ ಗೆರೆ ದಾಟಿತು. ಗುಂಡಯ್ಯ ಟವೆಲ್ ಬೀಸುತ್ತ ಕುಣಿದ.

“ಪಾಷಾ, ಬಕೆಟ್ ಐತೇನಪ್ಪಾ ಮನೇಲಿ? ಇಲ್ದಿದ್ರೆ ನಾನೇ ಕೊಡ್ತೀನಿ!”

ಗೆರೆಯ ಪಕ್ಕದ ದಿಬ್ಬದ ಮೇಲೆ ಮಕ್ಕಳನ್ನೆಲ್ಲ ಸೇರಿಸಿ ಕಮಲಮ್ಮ ಬಹುಮಾನ ಕೊಟ್ಟರು. “ಇಂಥ ಮರ ಎಲ್ಲಿ ಸಿಕ್ತು ಪೂಜಿತಾ?”

ಅವಳು ಅಪ್ಪನ ಮುಖ ನೋಡಿದಳು.

“ಈಗ ಹೇಳು ಮಗಾ, ಎಲ್ರೂ ಕೇಳ್ಲಿ!”

“ನಮ್ ಜೀಪಿನ ಚಕ್ರಕ್ಕೆ ಕೊಡ್ತಿದ್ ತುಂಡು, ಮಿಸ್.”

ಗುಂಡಯ್ಯನ ಟವೆಲ್ ಗಾಳಿಯಲ್ಲೇ ನಿಂತಿತು. “ಮತ್ತೆ... ಈಗ ಕೊಟ್ಟಿದ್ದು?”

“ನೀವು ಬಿಸಾಕು ಅಂದ್ರಲ್ಲಪ್ಪಾ, ಆ ಹಾಲುವಾಣ.”

ರಸ್ತೆಯ ನೆತ್ತಿಯಲ್ಲಿ, ಚಕ್ರದಡಿಯಿಂದ ಪಚಕ್ಕೆಂದು ಸದ್ದಾಯಿತು. ಜೀಪು ಮದುವಣಿಗನ ಹಾಗೆ ಗಂಭೀರವಾಗಿ ಹೊರಟು, ಆಮೇಲೆ ನಾಚಿಕೆ ಬಿಟ್ಟು ಓಡಿ, ತಿರುವಿನಲ್ಲಿ ತಿರುಗದೆ ನೇರ ಕೊಳೆತ ಕಾಫಿ ಸಿಪ್ಪೆಯ ಗುಂಡಿಗೆ ಮೂತಿ ಹೂತಿತು. ನಾತಕ್ಕೆ ಊರೇ ಮೂಗು ಮುಚ್ಚಿತು.

“ಮಾತು ಅಂದ್ರೆ ಮಾತು ಗುಂಡಣ್ಣ, ತೊಳೀತೀನಿ,” ಅಂದ ಪಾಷಾ. “ಮೇಲಕ್ ತಂದ್ ನಿಲ್ಸು.”

“ನಿನ್ ಲಾರಿ ಇಲ್ದೆ ಹೆಂಗೋ ಬತ್ತದೆ, ಮಾರಾಯ?”

“ಎಳೀತೀನಿ ಬಿಡು. ದುಡ್ಡೂ ಬ್ಯಾಡ. ಆದ್ರೆ ನನ್ ಗಾಡಿಗೂ ಸಿಪ್ಪೆ ಮೆತ್ಕತದಲ್ಲ, ನೀನೂ ಒಂದ್ ತಿಂಗಳು ತೊಳ್ದುಬುಡು.”

ಆ ತಿಂಗಳೆಲ್ಲ ಹಳ್ಳದ ದಡದಲ್ಲಿ ಪೂಜಿತಾ ಮತ್ತು ಶಾಜಿಯಾ ಕಾರು ಓಡಿಸಿಕೊಂಡು ಖುಷಿಯಾಗಿದ್ದರು. ಪಾಷಾ ಕಾಲು ಗಂಟೆಯಲ್ಲಿ ಜೀಪು ತೊಳೆದು, ಬಂಡೆಯ ಮೇಲೆ ಕೂತು ಬೀಡಿ ಹಚ್ಚುತ್ತಿದ್ದ. ಲಾರಿಯಡಿ ಕಾಣುತ್ತಿದ್ದ ಎರಡು ಕಾಲುಗಳಿಗೆ ಕೂಗಿ ಹೇಳುತ್ತಿದ್ದ:

“ಗುಂಡಣ್ಣ, ಹಿಂದಿನ ಚಕ್ರದ ಒಳಗಡೆ ಬುಟ್ಬುಟ್ಟೆ ನೋಡು!”