ಗಿಡ ಕೀಳದೆ ಬೇರು ನೋಡುವ ಕೆಲಸ

ಮಣ್ಣು ಅಗೆಯದೆ ಮಣ್ಣಿನೊಳಗಿನ ಸಂಗತಿ ಹೇಳುತ್ತೇನೆ ಎಂದು ಹೊರಟವರಿಗೆ ಬೇರೆ ಯಾವುದಕ್ಕೆ ಬರಗಾಲ ಬಂದರೂ ನಗುವಿಗೆ ಬರುವುದಿಲ್ಲ. ನನ್ನ ಕೆಲಸ ಅಂಥದ್ದು. ನಮ್ಮ ಕಡೆಯ ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ, ನೆಲ ಏಪ್ರಿಲ್ ಬಂದರೆ ಮೇಲಿನಿಂದ ಒಣಗಿ ಹಂಚಿನ ಹಾಗೆ ಆಗುತ್ತದೆ. ಆಗ ಬದುಕುವುದು ಆಳಕ್ಕೆ ಬೇರು ಇಳಿಸಿದ ಕಾಫಿ ಗಿಡ ಮಾತ್ರ. ಆದರೆ ಬೇರು ಹೇಗಿದೆ ಎಂದು ನೋಡಲು ಗಿಡ ಕೀಳಬೇಕು, ಕಿತ್ತ ಮೇಲೆ ಗಿಡ ಎಲ್ಲಿ ಉಳಿಯುತ್ತದೆ? ಅದಕ್ಕೆ ನಾವು ಒಂದು ಎಲೆ ತಂದು, ಅದರ ಡಿ.ಎನ್.ಎ.ಯಲ್ಲಿ ಒಳ್ಳೆಯ ಬೇರಿನ ಗುರುತು ಇದೆಯೇ ಎಂದು ಹುಡುಕುತ್ತೇವೆ. ಆ ಗುರುತಿಗೆ ಮಾರ್ಕರ್ ಎಂದು ಹೆಸರು. ಗುರುತು ಇರುವ ಗಿಡಗಳನ್ನು ಒಂದಕ್ಕೊಂದು ಕೂಡಿಸಿ ಹೊಸ ತಳಿ ಮಾಡುತ್ತೇವೆ. ಇಷ್ಟನ್ನು ಹೇಳಿ ಮುಗಿಸುವುದರೊಳಗೆ ಎಂತೆಂಥದೋ ಆಗಿಬಿಡುತ್ತದೆ.

ತಂದೆ ಯಾರು?

ಕೆಲಸಕ್ಕೆ ಸೇರಿದ ಹೊಸತು. ಬೆಳ್ತಂಗಡಿಯಿಂದ ಒಳಗೆ ಒಂದು ತೋಟಕ್ಕೆ ಹೋಗಬೇಕಿತ್ತು. ದಾರಿ ಗೊತ್ತಾಗದೆ ಮೂಲೆಯ ಅಂಗಡಿಯಲ್ಲಿ ಕೇಳಿದೆ. ಅಂಗಡಿಯವರು, "ಅವರ ಮನೆಗಾ? ಎಂತ ವಿಷಯ?" ಎಂದರು.

"ಡಿ.ಎನ್.ಎ. ಟೆಸ್ಟಿಗೆ ಬಂದದ್ದು" ಎಂದೆ.

ಅವರು ತೂಕದ ಕಲ್ಲು ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನಾನು ಗುಡ್ಡೆ ಹತ್ತುವುದಕ್ಕಿಂತ ಮೊದಲು ಅವರ ಫೋನು ಹತ್ತಿತ್ತು.

ನಾನು ಮನೆ ಮುಟ್ಟುವಾಗ ಅಂಗಳದಲ್ಲಿ ನೆರೆಕರೆಯವರೆಲ್ಲ ಸೇರಿದ್ದರು. ಮನೆಯ ಯಜಮಾನರು ಒದ್ದೆ ತಲೆಯಲ್ಲಿ, ಇಸ್ತ್ರಿಯ ಶರ್ಟು ಹಾಕಿ ಕುರ್ಚಿಯಲ್ಲಿ ಕೂತಿದ್ದರು. ಮುಖದಲ್ಲಿ ರಕ್ತವಿರಲಿಲ್ಲ. ಪಕ್ಕದಲ್ಲಿ ಅವರ ಹೆಂಡತಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದರು.

"ಇವರದ್ದಲ್ವಾ? ತೆಗೀರಿ" ಎಂದರು ಆ ಅಕ್ಕ. "ನನಗೂ ಒಂದು ಸಂಶಯ ಮೊದಲಿಂದ ಉಂಟು."

"ಅಯ್ಯೋ, ಇವರದ್ದಲ್ಲ ಅಕ್ಕ, ಕಾಫಿ ಗಿಡದ್ದು! ರೋಬಸ್ಟಾ ಗಿಡಕ್ಕೆ ಜೇನ್ನೊಣ, ಗಾಳಿ ಎಲ್ಲಿಂದೆಲ್ಲ ಪರಾಗ ತರ್ತದೆ. ಹಾಗಾಗಿ ತಾಯಿ ಯಾರು ಅಂತ ಗೊತ್ತಿರ್ತದೆ, ತಂದೆ ಯಾರು ಅಂತ ಗೊತ್ತಿರುವುದಿಲ್ಲ. ಅದನ್ನೂ ನೋಡ್ತೇವೆ."

ಯಜಮಾನರ ಮುಖಕ್ಕೆ ಮೆಲ್ಲ ಬಣ್ಣ ಬಂತು. ಹೆಂಡತಿಯ ಕಡೆ ತಿರುಗಿ ಕೇಳಿದರು: "ಗಿಡದ ಅಪ್ಪನನ್ನು ಹುಡುಕಲಿಕ್ಕೆ ನನ್ನ ತಲೆಗೆ ಯಾಕೆ ನೀರು ಹೊಯ್ದದ್ದು ಮಾರಾಯ್ತಿ?"

ತಂಬುಳಿ

ಪ್ರಯೋಗಾಲಯ ಮೂಡುಬಿದಿರೆಯಲ್ಲಿದ್ದುದರಿಂದ ಅಲ್ಲೇ ಒಬ್ಬರು ಜೈನ ಅಮ್ಮನ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಕೋಣೆ ನೋಡಲು ಹೋದ ದಿನವೇ ಅಮ್ಮ ಹೇಳಿದ್ದರು: "ನಮ್ಮಲ್ಲಿ ಗೆಡ್ಡೆ, ಬೇರು ಏನೂ ಒಳಗೆ ಬರುವಂತಿಲ್ಲ. ನಿನ್ನದೆಂತ ಕೆಲಸ ಮಗಾ?"

"ಬೇರಿನದ್ದೇ ಅಮ್ಮ."

ಅಮ್ಮ, "ತಿನ್ನುವುದಿಲ್ಲವಲ್ಲ? ಓದುವುದಾದರೆ ಅಡ್ಡಿಯಿಲ್ಲ" ಎಂದು ಕೀಲಿಕೈ ಕೊಟ್ಟರು.

ಒಂದು ಶನಿವಾರ ಎಲೆಗಳನ್ನು ತರುವಾಗ ಪ್ರಯೋಗಾಲಯಕ್ಕೆ ಬೀಗ ಬಿದ್ದಿತ್ತು. ಎಳೆ ಎಲೆ, ತಂಪಿನಲ್ಲಿ ಇಡದಿದ್ದರೆ ಹಾಳು. ಅಮ್ಮ ಮಲಗಿದ್ದರು, ಎಬ್ಬಿಸುವುದು ಬೇಡವೆಂದು ಅವರ ಫ್ರಿಜ್ಜಿನಲ್ಲಿ ಇಟ್ಟೆ. ಭಾನುವಾರ ಮಧ್ಯಾಹ್ನ ಅಮ್ಮ ಊಟಕ್ಕೆ ಕರೆದರು. ಅನ್ನ, ತೊವ್ವೆ, ಸೊಪ್ಪು ಅರೆದು ಮಜ್ಜಿಗೆ ಸೇರಿಸಿದ ಹಸಿರು ತಂಬುಳಿ. ತಂಬುಳಿ ಸ್ವಲ್ಪ ಕಹಿ. ಆದರೂ ಎರಡು ಸಲ ಹಾಕಿಸಿಕೊಂಡೆ.

"ಒಂದೆಲಗವಾ ಅಮ್ಮ?"

"ನೀನೇ ತಂದದ್ದಲ್ವಾ? ಅಷ್ಟು ಚಂದ ಒರೆಸಿ, ಚಿಕ್ಕ ಚಿಕ್ಕ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿ ಫ್ರಿಜ್ಜಿನಲ್ಲಿ ಇಟ್ಟಿದ್ದಿ."

ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಳಿಸಿದೆ. "ಅಮ್ಮ, ಅದರ ಮೇಲೆ ಒಂದೊಂದು ನಂಬರು ಇತ್ತಲ್ಲ!"

"ಕ್ರಯ ಅಂತ ಗ್ರಹಿಸಿದೆ. ಸೊಪ್ಪಿಗೆ ಇಷ್ಟು ಕೊಡ್ತಾರಾ ಅಂತ ನಿನಗೆ ಬೈಯುವವಳಿದ್ದೆ."

ಸೋಮವಾರ ನಮ್ಮ ಮುಖ್ಯಸ್ಥರ ಎದುರು ನಿಂತು, "ಸಾರ್, ಎಲೆಗಳು ತಂಬುಳಿ ಆದವು" ಎಂದೆ. ಅವರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿದರು. ಸಂಶೋಧಕರಲ್ಲವೇ, ಒಂದೇ ಪ್ರಶ್ನೆ ಕೇಳಿದರು.

"ಯಾವ ನಂಬರಿನ ಗಿಡಕ್ಕೆ ರುಚಿ ಜಾಸ್ತಿ?"

ಪಾಸು, ಫೇಲು

ಬಂಟ್ವಾಳದ ಆಚೆ ಒಬ್ಬರು ನಿವೃತ್ತ ಮೇಷ್ಟ್ರು ತಮ್ಮ ಅಂಗಳದಲ್ಲಿ ನಮ್ಮ ಸಸಿಗಳನ್ನು ಸಾಕಿದ್ದರು. "ನಾಳೆ ಬರ್ತೇವೆ ಮೇಷ್ಟ್ರೆ, ಒಳ್ಳೆಯ ಸಸಿಗಳನ್ನು ಮಾರ್ಕರಿನಲ್ಲಿ ಆರಿಸಲಿಕ್ಕುಂಟು" ಎಂದು ಫೋನು ಮಾಡಿದೆ.

ಮರುದಿನ ಹೋಗಿ ನೋಡಿದರೆ ಪ್ರತಿ ಸಸಿಯ ಎಲೆಯ ಮೇಲೂ ಕೆಂಪು ಮಾರ್ಕರ್ ಪೆನ್ನಿನಲ್ಲಿ ಗೀಚಿತ್ತು. ಎಲ್ಲಕ್ಕೂ ರೈಟು, ಒಂದಕ್ಕೆ ಮಾತ್ರ ದೊಡ್ಡ ತಪ್ಪು.

"ನೀವು ಬಿಸಿಲಲ್ಲಿ ಕಷ್ಟಪಡುವುದು ಬೇಡ ಅಂತ ನಾನೇ ಮಾರ್ಕ್ ಮಾಡಿದೆ" ಎಂದರು ಮೇಷ್ಟ್ರು.

"ಬೇರು ಕಾಣುವುದಿಲ್ಲವಲ್ಲ, ಎಂತ ನೋಡಿ ಹಾಕಿದಿರಿ?"

"ಶಿಸ್ತು. ನೆಟ್ಟಗೆ ನಿಂತದ್ದು ಪಾಸು. ಇದು ನೋಡಿ, ಯಾವಾಗಲೂ ಓರೆ, ಕಿಟಕಿಯಿಂದ ಹೊರಗೆ ನೋಡುವ ಹುಡುಗರ ಹಾಗೆ. ಫೇಲು!"

ಅವರ ಮನಸ್ಸು ನೋಯಿಸದೆ ಎಲ್ಲದರ ಎಲೆಯನ್ನೂ ಪರೀಕ್ಷೆಗೆ ತಂದೆವು. ಆಳದ ಬೇರಿನ ಗುರುತು ಎಲ್ಲಕ್ಕಿಂತ ಚೆನ್ನಾಗಿ ಸಿಕ್ಕಿದ್ದು ಆ ಫೇಲಾದ ಸಸಿಯಲ್ಲಿ. ಸುದ್ದಿ ಹೇಳಿದಾಗ ಮೇಷ್ಟ್ರು ಸಸಿಯ ಎದುರು ಬಗ್ಗಿ ನಿಂತು ತಲೆಯಾಡಿಸಿದರು.

"ಹಿಂದಿನ ಬೆಂಚಿನವರೆಲ್ಲ ಹೀಗೆಯೇ ಮಾರಾಯ್ರೆ. ಶಾಲೆಯಲ್ಲಿ ನಮ್ಮ ಪ್ರಾಣ ತೆಗೀತಾರೆ, ಮತ್ತೆ ಕಾರಿನಲ್ಲಿ ಬಂದು ಕಾಲು ಹಿಡೀತಾರೆ."

ಬೇರು ಸಮೇತ

ಇದು ಲಾಯಿಲದ ಹತ್ತಿರದ ತೋಟದಲ್ಲಿ ನಡೆದದ್ದು. ನೆಟ್ಟು ಒಂದು ಮಳೆಗಾಲ ಕಳೆದ ಗಿಡಗಳನ್ನು ತೋರಿಸಿ, ಊರಿನ ಕೃಷಿಕರನ್ನು ಒಪ್ಪಿಸಬೇಕಿತ್ತು. ಅವರು ಜಾಗ ಕೊಡದಿದ್ದರೆ ನಮ್ಮ ತಳಿ ಕುಂಡದಲ್ಲಿಯೇ ಮುದಿಯಾಗುವುದು ಖಂಡಿತ. ಮುಖ್ಯಸ್ಥರು ಬಿಳಿ ಪ್ಯಾಂಟು, ಬಿಳಿ ಶರ್ಟು ಹಾಕಿ ಬಂದಿದ್ದರು. ಆಳು ಸಾಕಷ್ಟು ದಪ್ಪ, ಮಾತು ತೂಕದ್ದು.

ಎಲ್ಲ ವಿವರಿಸಿದ ಮೇಲೆ ಎದುರು ಕೂತಿದ್ದ ಹಿರಿಯ ಶೆಟ್ರು ಎದ್ದರು. "ಎಲೆ ನೋಡಿ ಬೇರು ಹೇಳುವುದಾದರೆ, ನಾನು ಮೀಸೆ ನೋಡಿ ಮಧ್ಯಾಹ್ನ ಎಂತ ಉಂಡದ್ದು ಅಂತ ಹೇಳ್ತೇನೆ."

ಜನ ಹೋ ಎಂದು ನಕ್ಕರು. ಮುಖ್ಯಸ್ಥರಿಗೆ ಛಲ ಬಂತು. "ಬನ್ನಿ, ಕಣ್ಣಾರೆ ನೋಡುವ" ಎಂದು ಅಕ್ಕಪಕ್ಕದ ಎರಡು ಗಿಡಗಳ ಹತ್ತಿರ ಹೋದರು. "ಇದಕ್ಕೆ ಗುರುತು ಇಲ್ಲ. ಬೇರು ಮೇಲೆಯೇ ಉಂಟು." ಹಿಡಿದು ಎಳೆದರು. ಮೂಲಂಗಿಯ ಹಾಗೆ ಬಂತು. ಚಪ್ಪಾಳೆ.

"ಇದಕ್ಕೆ ಗುರುತು ಉಂಟು. ಬೇರು ಆಳ. ನೋಡಿ." ಎಳೆದರು. ಅಲುಗಲಿಲ್ಲ.

"ನೀವು ಜೋರು ಎಳೆಯಲಿಲ್ಲ" ಎಂದರು ಶೆಟ್ರು. "ಯಕ್ಷಗಾನದ ಗದೆ ಎತ್ತಿದ ಹಾಗೆ ಮಾಡಿದ್ದು."

ಮುಖ್ಯಸ್ಥರು ಶರ್ಟಿನ ತೋಳು ಮಡಚಿದರು. ಎರಡೂ ಕೈಯಲ್ಲಿ ಕಾಂಡ ಹಿಡಿದು, ಕಾಲು ಮಣ್ಣಿಗೆ ಊರಿ, ಹಿಂದಕ್ಕೆ ಬಾಗಿದರು. ಮುಖ ಕೆಂಪಾಯಿತು. ಅವರ ಬೆನ್ನ ಹಿಂದೆ ದನದ ಹಟ್ಟಿಯ ಸೆಗಣಿ ನೀರು ಹರಿದು ಬಂದು ನಿಲ್ಲುವ ಹೊಂಡವಿತ್ತು. "ಸಾರ್!" ಎಂದು ನಾನು ಕೂಗುವುದಕ್ಕೂ, ಅವರ ಕೈ ಜಾರುವುದಕ್ಕೂ ಸರಿಯಾಯಿತು. ಗಿಡ ಇದ್ದಲ್ಲೇ ನಿಂತಿತ್ತು. ಕೈತುಂಬ ಎಲೆ ಹಿಡಿದುಕೊಂಡು ನಮ್ಮ ಮುಖ್ಯಸ್ಥರು ಹೊಂಡದಲ್ಲಿ ಕುತ್ತಿಗೆವರೆಗೆ ಕೂತಿದ್ದರು.

ಯಾರಿಗೂ ನಗುವ ಧೈರ್ಯವಿಲ್ಲ. ನಾನು ತುಟಿ ಕಚ್ಚಿ ಆಕಾಶ ನೋಡಿದೆ. ಕಡೆಗೆ ಮುಖ್ಯಸ್ಥರೇ, ಹೊಟ್ಟೆ ಕುಲುಕಿ ಹೊಂಡದಲ್ಲಿ ಅಲೆ ಏಳುವ ಹಾಗೆ ನಗತೊಡಗಿದರು. ಆಮೇಲೆ ತೋಟಕ್ಕೆ ತೋಟವೇ ನಕ್ಕಿತು.

ಶೆಟ್ರು ಮಾತ್ರ ನಗದೆ ಗಿಡದ ಬುಡ ಮುಟ್ಟಿ ನೋಡಿದರು. ಹೊಂಡದ ಕಡೆ ನೋಡಿದರು. ಮತ್ತೆ ಜನರ ಕಡೆ ತಿರುಗಿ ಘೋಷಿಸಿದರು:

"ನನ್ನ ಗುಡ್ಡೆಗೆ ಇದೇ ಗಿಡ ಆಗಬೇಕು. ಸಾರೇ ಬೇರು ಸಮೇತ ಕಿತ್ತು ಬಂದರು, ಇದು ಬರಲಿಲ್ಲ!"