ಜೀಪಿನ ಹಿಂದಿನ ಬ್ರೇಕೂ ನಮ್ಮ ಮನೆಯ ಫೋನೂ

ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ಮುಟ್ಟಿಸುವ ಕೆಲಸಕ್ಕೆ ಸಿಕ್ಕಿಕೊಂಡವರ ಬಾಳಿನಲ್ಲಿ ಗೊಂದಲಕ್ಕೆ ಬರವಿಲ್ಲ. ನನಗೆ ಆ ಕೆಲಸ ಕೇಳದೆಯೇ ಸಿಕ್ಕಿತ್ತು. ಲಷ್ಕರ್ ಮೊಹಲ್ಲಾದ ನಮ್ಮ ನಡುಮನೆಯಲ್ಲಿ ನನ್ನ ಹೊಲಿಗೆ ಮೆಷೀನು, ಪಕ್ಕದ ಸ್ಟೂಲಿನ ಮೇಲೆ ಫೋನು. ನಾನು ಬ್ಲೌಸ್ ಹೊಲಿಯುತ್ತಿದ್ದೆ. ಯಜಮಾನರು ಆಫೀಸಿಗೆ ಹೋದ ಮೇಲೆ ಬರುವ ಫೋನೆಲ್ಲ ನನ್ನ ಪಾಲು. ಮೊಬೈಲು ಊರಿಗೆ ಬಂದಿತ್ತು, ನಮ್ಮಂಥವರ ಜೇಬಿಗೆ ಇನ್ನೂ ಬಂದಿರಲಿಲ್ಲ.

ಯಜಮಾನರ ಹತ್ತಿರ ಒಂದು ಹಳೇ ಜೀಪಿತ್ತು. ರಸ್ತೆಯಿದ್ದ ಕಡೆ ಅದನ್ನು ಓಡಿಸಿದರೆ ಅವರಿಗೆ ಸುಖವಿಲ್ಲ. ಭಾನುವಾರ ಬಂತೆಂದರೆ ತಮ್ಮಂಥವರೇ ನಾಲ್ಕು ಜನರನ್ನು ಕಟ್ಟಿಕೊಂಡು ಹಳ್ಳ, ಕೆಸರು, ಕಲ್ಲುಗುಡ್ಡ ಹುಡುಕಿಕೊಂಡು ಹೋಗಿಬಿಡುತ್ತಿದ್ದರು. ಸಂಜೆ ಗೇಟಿನ ಸದ್ದು ಕೇಳುವ ತನಕ ನನಗೆ ಸೂಜಿಗೆ ದಾರ ಪೋಣಿಸುವುದಕ್ಕೂ ಆಗುತ್ತಿರಲಿಲ್ಲ. ಅಷ್ಟು ಭಯವಾಗುತ್ತಿತ್ತು.

ವಾಪಸ್ಸು

"ಮನೇಲಿ ಕೂತು ಹೆದರೋ ಬದಲು ನೀನೇ ಬಂದು ನೋಡು, ಎಷ್ಟು ಚೆನ್ನಾಗಿ ಹತ್ತುತ್ತೆ ಅಂತ" ಎಂದು ಒಂದು ಭಾನುವಾರ ನನ್ನನ್ನೂ ಅತ್ತೆಯನ್ನೂ ಕೂರಿಸಿಕೊಂಡು ಹೊರಟರು. ಊರಾಚೆ ಒಂದು ಹಳ್ಳ ದಾಟಿಸಿದರು. ಆಚೆ ದಡದ ಮಣ್ಣುದಿಣ್ಣೆಯನ್ನು ಅರ್ಧ ಹತ್ತಿಸಿದರು. ಅಲ್ಲಿ ಎಂಜಿನ್ ನಿಂತುಹೋಯಿತು. ಇವರು ಬ್ರೇಕ್ ತುಳಿದರು. ಗಾಡಿ ಒಂದು ಗಳಿಗೆ ಯೋಚನೆ ಮಾಡಿ, ಆಮೇಲೆ ಮೆಲ್ಲಗೆ ಹಿಂದಕ್ಕೆ ಹೊರಟಿತು.

ಹಿಂದಿನ ಚಕ್ರಗಳ ಬ್ರೇಕ್ ಡ್ರಮ್ಮಿನೊಳಗೆ ಹಳ್ಳದ ಕೆಸರು ತುಂಬಿಕೊಂಡಿತ್ತು ಅನ್ನುವುದು ಗೊತ್ತಾದದ್ದು ಆಮೇಲೆ. ಆಗ ಗೊತ್ತಿದ್ದದ್ದು ನಾನು ಕಿರುಚುತ್ತಿದ್ದೇನೆ ಅನ್ನುವುದೊಂದೇ. ಇವರು ಸ್ಟೀರಿಂಗ್ ಹಿಡಿದು ಬೆವರುತ್ತಿದ್ದರು. ಗಾಡಿ ದಿಣ್ಣೆಯಿಳಿದು ಯಾರದೋ ಹುಲ್ಲಿನ ಮೆದೆಗೆ ಬೆನ್ನು ಕೊಟ್ಟು ನಿಂತಿತು.

ಹಿಂದಿನ ಸೀಟಿನಲ್ಲಿದ್ದ ಅತ್ತೆ ಸೆರಗು ಸರಿಮಾಡಿಕೊಂಡು ಕೇಳಿದರು: "ಏನೋ, ಇಷ್ಟು ಬೇಗ ವಾಪಸ್ ಹೊರಟ್ಬುಟ್ವಾ?"

ಜಾರುವ ಸಾಮಾನು

ಮನೆಗೆ ಬಂದ ಮೇಲೆ ನಾನು ಹಟ ಹಿಡಿದೆ. ಗಾಡಿ ಮಾರಲೇಬೇಕು. ಇವರು ಎರಡು ದಿನ ಊಟದ ಮುಂದೆ ಮುಖ ಊದಿಸಿಕೊಂಡು ಕೂತರು. ಕೊನೆಗೆ ಒಂದು ಒಪ್ಪಂದವಾಯಿತು. ಆಯುಧಪೂಜೆಯೊಳಗೆ ಬ್ರೇಕ್ ಸರಿಮಾಡಿಸಬೇಕು. ಅದೇ ದಿಣ್ಣೆಯ ಮೇಲೆ ಗಾಡಿ ಅಲುಗದೆ ನಿಂತರೆ ಹಬ್ಬಕ್ಕೆ ಅದಕ್ಕೂ ಪೂಜೆ. ಜಾರಿದರೆ ಹಬ್ಬಕ್ಕೆ ಮುಂಚೆಯೇ ಮಾರಾಟ. ತೀರ್ಪು ಅತ್ತೆಯದು. ಮೂವರಲ್ಲಿ ಹೆದರದೆ ಇದ್ದವರು ಅವರೊಬ್ಬರೇ.

ಇವರು ಅತ್ತೆಗೆ ವಿವರಿಸಿದರು. "ಅಮ್ಮ, ಡ್ರಮ್ಮು ಅಂದ್ರೆ ಮುಚ್ಚಿದ ಪಾತ್ರೆ ಥರ. ಒಳಗೆ ಹೋದ ಕೆಸರು ಆಚೆ ಬರಲ್ಲ. ಹಿಂದಿನ ಆಕ್ಸಲ್ಲಿಂದ ಅದನ್ನ ತೆಗೆಸಿ ಡಿಸ್ಕ್ ಹಾಕಿಸ್ತೀನಿ. ಡಿಸ್ಕು ಒಂದು ತಟ್ಟೆ ಅಷ್ಟೆ. ಬ್ರೇಕು ಅದನ್ನ ಎರಡೂ ಕಡೆಯಿಂದ ಗಟ್ಟಿಯಾಗಿ ಹಿಡ್ಕೊಳ್ಳುತ್ತೆ."

ಅತ್ತೆ ಬೆನ್ನು ಮುಟ್ಟಿಕೊಂಡರು. "ಡಿಸ್ಕಾ? ನನ್ನ ಬೆನ್ನಲ್ಲಿರೋದೂ ಅದೇ ಅಂತಲ್ಲೇನೋ ಡಾಕ್ಟ್ರು ಹೇಳಿದ್ದು?"

"ಅದು ಬೇರೆ ಅಮ್ಮ."

"ಎಂಥ ಬೇರೆ? ಡಿಸ್ಕ್ ಜಾರಿದೆ ಅಂತ ನನ್ನ ಎರಡು ತಿಂಗಳು ಹಲಗೆ ಮೇಲೆ ಮಲಗಿಸ್ಬುಟ್ರು. ಗಾಡಿ ಜಾರಬಾರದು ಅಂತ ಜಾರೋ ಸಾಮಾನನ್ನೇ ಹಾಕಿಸ್ತಾ ಇದೀಯಲ್ಲೋ!"

ಹಿಂದಿನದು, ಮುಂದಿನದು

ಜೀಪು ಮಂಡಿ ಮೊಹಲ್ಲಾದ ಗ್ಯಾರೇಜು ಸೇರಿತು. ಬೆಳಗ್ಗೆ ಆಫೀಸಿಗೆ ಹೊರಡುವಾಗ ಇವರು ಚಪ್ಪಲಿ ಹಾಕಿಕೊಳ್ಳುತ್ತಲೇ ಹೇಳಿದರು: "ಮೆಕ್ಯಾನಿಕ್ ಫೋನ್ ಮಾಡಿದ್ರೆ ಹಿಂದಿನದು ಬೇಡ, ಡಿಸ್ಕೇ ಹಾಕಿ ಅಂತ ಹೇಳ್ಬುಡು."

ಫೋನ್ ಬಂತು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿಯಿಲ್ಲ, ಹಾಗೇ ಹೇಳಿದೆ. ಮೆಕ್ಯಾನಿಕ್ "ಖಂಡಿತಾನಾ ಅಕ್ಕಾ?" ಅಂದರು. ಅನುಮಾನ ಯಾಕೆ ಅಂತ ನನಗೆ ಸಿಟ್ಟೇ ಬಂತು. "ಖಂಡಿತ" ಅಂದೆ.

ಸಂಜೆ ಇವರು ಗ್ಯಾರೇಜಿಗೆ ಹೋದರೆ ಹಿಂದಿನ ಚಕ್ರಗಳು ಕೆಸರಿನ ಸಮೇತ ಇದ್ದಲ್ಲೇ ಇದ್ದವಂತೆ. ಮುಂದಿನ ಎರಡು ಚಕ್ರ ಬಿಚ್ಚಿ, ಬ್ರೇಕೆಲ್ಲ ಕಳಚಿ ನೆಲದ ಮೇಲೆ ಹರಡಿತ್ತಂತೆ.

"ಇದೇನ್ರೀ ಮಾಡಿದ್ದು?"

"ಹಿಂದಿನದು ಬೇಡ ಅಂತ ಅಕ್ಕಾನೇ ಹೇಳಿದ್ರಲ್ಲ ಸಾರ್. ಹಿಂದಿನದು ಬೇಡ ಅಂದ್ಮೇಲೆ ಮುಂದಿನದೇ ತಾನೆ?"

"ಹಿಂದಿನದು ಅಂದ್ರೆ ಹಿಂದೆ ಇತ್ತಲ್ಲ, ಆ ಹಳೇ ಡ್ರಮ್ಮು ಕಣ್ರೀ! ಅದು ಬೇಡ ಅಂದಿದ್ದು."

"ಹಿಂದೆ ಇರೋದು ಬೇಡ ಅಂತಾನೇ ಅಲ್ವಾ ಸಾರ್ ನಾನು ಹಿಂದೆ ಮುಟ್ಟದೆ ಇದ್ದಿದ್ದು?"

"ಅಯ್ಯೋ, ಹಿಂದಿನದಕ್ಕೆ ಹಿಂದಿನದು ಬೇಡ. ಹಿಂದಿನದಕ್ಕೆ ಹೊಸದು. ಮುಂದಿನದಕ್ಕೆ ಹಿಂದಿನದೇ ಇರಲಿ!"

ಮೆಕ್ಯಾನಿಕ್ ಸ್ಪ್ಯಾನರ್ ಕೆಳಗಿಟ್ಟು, ತಲೆ ಮೇಲೆ ಕೈಹೊತ್ತು ಕೂತರಂತೆ. "ಸಾರ್, ಈ ಗಾಡಿಗೆ ಬರೀ ಎಡ, ಬಲ ಇದ್ದಿದ್ರೆ ಸಾಕಾಗಿತ್ತು."

ಗಿಣಿಹಸಿರು

ಆ ವಾರ ನನಗೊಂದು ಮದುವೆಯ ಬ್ಲೌಸು ಬಂದಿತ್ತು. ಗಿಣಿಹಸಿರು ರೇಷ್ಮೆ. ಒಳಗೆ ಹಾಕುವ ಲೈನಿಂಗ್ ಬಟ್ಟೆ ಅದೇ ಬಣ್ಣದ್ದು ಸಿಗದೆ, ಬಂದ ತಕ್ಷಣ ಫೋನ್ ಮಾಡಿ ಅಂತ ಅಂಗಡಿಯವರಿಗೆ ಹೇಳಿಟ್ಟಿದ್ದೆ. ಇತ್ತ ಜೀಪಿನ ಹ್ಯಾಂಡ್ ಬ್ರೇಕಿಗೂ ಹೊಸ ಲೈನಿಂಗ್, ಅಂದರೆ ಉಜ್ಜಿ ಹಿಡಿಯುವ ಪಟ್ಟಿ, ಬೇಕೆಂದು ಇವರು ಬಿಡಿಭಾಗದ ಅಂಗಡಿಗೆ ಇದೇ ನಂಬರ್ ಕೊಟ್ಟಿದ್ದರು. ನನಗೆ ಹೇಳಿರಲಿಲ್ಲ.

"ಅಮ್ಮಾ, ನೀವು ಕೇಳಿದ್ದ ಲೈನಿಂಗ್ ಬಂದಿದೆ" ಅಂತು ಫೋನು.

"ಬಣ್ಣ ಯಾವುದು?"

"ಬಣ್ಣಾನಾ? ಕಪ್ಪು."

"ಕಪ್ಪು ಕಟ್ಕೊಂಡು ಏನ್ ಮಾಡ್ಲಿ? ಗಿಣಿಹಸಿರು ಇಲ್ವಾ?"

"ಇದರಲ್ಲಿ ಗಿಣಿಹಸಿರು ಬರಲ್ಲಮ್ಮ." ದನಿಯಲ್ಲಿ ಗಾಬರಿಯಿತ್ತು.

"ಹೋಗ್ಲಿ, ನೀರಿಗೆ ಬಿದ್ರೆ ಏನಾಗುತ್ತೆ?"

"ಒದ್ದೆಯಾದ್ರೆ ಸ್ವಲ್ಪ ಹೊತ್ತು ಹಿಡಿಯಲ್ಲ. ಜಾರುತ್ತೆ."

"ಜಾರುತ್ತಾ!" ನಾನು ಮೆಷೀನು ಬಿಟ್ಟು ಎದ್ದು ನಿಂತೆ. "ಏನ್ ಮಾತು ಅಂತ ಆಡ್ತೀರ? ಮದುವೆ ಹೆಣ್ಣಿಗೆ ಹಾಕೋದು ಕಣ್ರೀ ಅದು! ಛತ್ರದ ತುಂಬ ಜನ ಇರ್ತಾರೆ!"

ಆ ಕಡೆಯಿಂದ ಬಹಳ ಮೆತ್ತಗೆ ಒಂದು ಪ್ರಶ್ನೆ ಬಂತು: "ಅಮ್ಮಾ, ಹೆಣ್ಣು ಯಾವ ವರ್ಷದ ಮಾಡಲ್ಲು?"

ಗಾಳಿ

ಹಬ್ಬಕ್ಕೆ ಇನ್ನು ಎರಡೇ ದಿನ. ನಾನು ಬ್ಲೌಸು ಕೊಟ್ಟುಬರಲು ಹೋಗಿದ್ದೆ. ಆ ಹೊತ್ತಿಗೇ ಮೆಕ್ಯಾನಿಕ್ ಫೋನ್ ಮಾಡಬೇಕೇ, ಅದನ್ನು ಅತ್ತೆಯೇ ಎತ್ತಬೇಕೇ!

ಮೆಕ್ಯಾನಿಕ್ ಹೇಳಿದ್ದು ಇಷ್ಟು: "ಡಿಸ್ಕೆಲ್ಲ ಕೂರಿಸಿ ಆಯ್ತಮ್ಮ. ಆದ್ರೆ ಒಳಗೆ ಗಾಳಿ ಸೇರ್ಕೊಂಡ್ಬುಟ್ಟಿದೆ. ಎಷ್ಟು ತುಳಿದ್ರೂ ಬ್ರೇಕ್ ಹಿಡೀತಿಲ್ಲ. ಗಾಳಿ ಬಿಡಿಸ್ಬೇಕು, ನನ್ನೊಬ್ಬನ ಕೈಲಾಗಲ್ಲ. ಯಾರಾದ್ರೂ ಒಬ್ರನ್ನ ಕಳಿಸ್ಕೊಡಿ."

ಬ್ರೇಕಿನ ಎಣ್ಣೆ ಹೋಗುವ ಪೈಪಿನಲ್ಲಿ ಗಾಳಿ ಸೇರಿದರೆ ಒಬ್ಬರು ಮೇಲೆ ಕೂತು ಪೆಡಲ್ ತುಳಿಯಬೇಕು, ಇನ್ನೊಬ್ಬರು ಕೆಳಗೆ ಮಲಗಿ ಅದನ್ನು ಹೊರಕ್ಕೆ ಬಿಡಬೇಕು. ಕೆಲಸ ಅಷ್ಟೇ. ಅತ್ತೆಗೆ ಗಾಳಿ ಅಂದರೆ ಒಂದೇ ಗಾಳಿ, ಹುಣಿಸೆಮರದ ಕೆಳಗೆ ಮೆಟ್ಟಿಕೊಳ್ಳುವಂಥದ್ದು. ಅದನ್ನು ಬಿಡಿಸುವವರೂ ಅವರಿಗೆ ಗೊತ್ತಿದ್ದರು.

ನಾನು ಮನೆಗೆ ಬಂದಾಗ ಅತ್ತೆ ದೇವರಿಗೆ ದೀಪ ಹಚ್ಚುತ್ತಿದ್ದರು. "ಹಳ್ಳದ ಹತ್ರಾನೇ ಹಿಡ್ಕೊಂಡಿರಬೇಕು ಕಣಮ್ಮ. ನಂಗೆ ಆವತ್ತೇ ಅನುಮಾನ. ಗಾಳಿ ಬಿಡಿಸೋ ಹಿನಕಲ್ ತಾತನ್ನ ಕರೆಸಿ, ಆಟೋ ಹತ್ತಿಸಿ ಗ್ಯಾರೇಜಿಗೆ ಕಳಿಸ್ದೆ."

ಅಷ್ಟರಲ್ಲಿ ಇವರೂ ಆಫೀಸಿನಿಂದ ಬಂದರು. ಇಬ್ಬರೂ ಗ್ಯಾರೇಜಿಗೆ ಓಡಿದೆವು. ಬಾಗಿಲಲ್ಲೇ ನಿಂತುಬಿಟ್ಟೆವು.

ಡ್ರೈವರ್ ಸೀಟಿನಲ್ಲಿ ಹಣೆ ತುಂಬ ವಿಭೂತಿ ಬಳಿದುಕೊಂಡ ತಾತ. ಒಂದು ಕೈಯಲ್ಲಿ ಬೇವಿನ ಸೊಪ್ಪು, ಇನ್ನೊಂದು ಕೈಯಲ್ಲಿ ನಿಂಬೆಹಣ್ಣು, ಕಾಲು ಪೆಡಲ್ ಮೇಲೆ. ಗಾಡಿಯ ಕೆಳಗಿಂದ ಮೆಕ್ಯಾನಿಕ್ಕಿನ ಎರಡು ಪಾದ ಮಾತ್ರ ಕಾಣುತ್ತಿದ್ದವು. ಪೆಡಲ್ ತುಳಿಯಲು ನಾವೇ ಆಳು ಕಳಿಸಿದ್ದೇವೆ ಅಂತ ಅವರು ತಿಳಿದಿದ್ದರು. ಈ ಊರಿನಲ್ಲಿ ಗಾಳಿ ಬಿಡಿಸುವ ಪದ್ಧತಿಯೇ ಹೀಗೆ ಅಂತ ತಾತ.

"ತುಳೀರಿ! ತುಳಿದು ಹಿಡ್ಕೊಳ್ಳಿ, ಬಿಡ್ಬೇಡಿ!"

"ನಾನಾ ಬುಡೋನು? ಬುಡೋ ಆಸಾಮಿನೇ ಅಲ್ಲ!" ತಾತ ಹಲ್ಲುಕಚ್ಚಿ ತುಳಿದ.

"ಬರ್ತಾ ಇದೆ, ಬರ್ತಾ ಇದೆ!"

"ಒಂದಾ?"

"ಒಂದಲ್ಲ, ಬೇಜಾನ್ ಇವೆ!"

ತಾತನ ಮುಖ ಬಿಳಿಚಿಕೊಂಡಿತು. ಸೊಪ್ಪನ್ನು ಸ್ಟೀರಿಂಗಿಗೆ ಬಡಿದ. "ಎಲ್ಲಿಂದ ಬಂದವೆ ಅಂತ ಕೇಳಪ್ಪಾ!"

"ಎಡಗಡೆ ಚಕ್ರದಿಂದ!"

ಇವರು ಬಾಯಿ ತೆರೆಯಲು ಹೋದರು. ನಾನು ತೋಳು ಹಿಡಿದು ಸುಮ್ಮನಿರಿಸಿದೆ. ಕೆಲಸ ನಡೆಯುತ್ತಿತ್ತಲ್ಲ! ಎಡ ಮುಗಿದು ಬಲ ಮುಗಿಯಿತು. "ಪೂರ್ತಿ ಹೋಯ್ತು, ಇಳೀರಿ" ಎಂದು ಮೆಕ್ಯಾನಿಕ್ ಕೂಗಿದ ಮೇಲೆ ತಾತ ಇಳಿದು, ಬಗ್ಗಿ ಕೆಳಗೆ ನೋಡಿದ. ಚಕ್ರದಿಂದ ಒಂದು ಸಣ್ಣ ಪೈಪು ಎಣ್ಣೆಯ ಸೀಸೆಗೆ ಇಳಿದಿತ್ತು. ಅದರಲ್ಲಿ ಕೊನೆಯ ಎರಡು ಗುಳ್ಳೆ ಎದ್ದು ಒಡೆದವು. ತಾತ ಸದ್ದಿಲ್ಲದೆ ಕೈಮುಗಿದ.

ಮಾರನೆಯ ಬೆಳಗ್ಗೆ ದಿಣ್ಣೆಗೆ ಹೋದೆವು. ತಾತನೂ ಜೊತೆಗಿರಲಿ ಅಂತ ಅತ್ತೆಯ ಅಪ್ಪಣೆ. ಗಾಡಿ ಹಳ್ಳ ದಾಟಿತು, ಅರ್ಧ ದಿಣ್ಣೆ ಹತ್ತಿತು. ಇವರು ಎಂಜಿನ್ ಆಫ್ ಮಾಡಿ ಬ್ರೇಕ್ ತುಳಿದರು. ನಾನು ಕಣ್ಣು ಮುಚ್ಚಿಕೊಂಡೆ. ಕಣ್ಣು ಬಿಟ್ಟಾಗಲೂ ಗಾಡಿ ಅಲ್ಲೇ ಇತ್ತು. ಇವರು ಮಾತ್ರ ಇನ್ನೂ ಎರಡೂ ಕಾಲಿನಿಂದ ಬ್ರೇಕ್ ತುಳಿದುಕೊಂಡೇ ಇದ್ದರು. ಇವರಿಗೂ ನನ್ನಷ್ಟೇ ಭಯವಿತ್ತು ಅಂತ ಆಗಲೇ ನನಗೆ ತಿಳಿದದ್ದು.

"ನಿಂತಿದೆ. ನಾಳೆ ಪೂಜೆ ಮಾಡಿಸು" ಎಂದು ಅತ್ತೆ ತೀರ್ಪು ಕೊಟ್ಟರು. ನಾನು ಸೋತೆ. ಆದರೂ ಯಾಕೋ ಬೇಸರವಾಗಲಿಲ್ಲ, ಹಗುರವೇ ಆಯಿತು.

ನಿಂತದ್ದು ಯಾರಿಂದ ಅಂತ ಅಲ್ಲೇ ವಾದ ಎದ್ದಿತು. ಡಿಸ್ಕಿನಿಂದ ಅಂತ ಇವರು, ತಾತನಿಂದ ಅಂತ ಅತ್ತೆ. ಯಾವುದು ನಿಜವೋ ನನಗೂ ತಲೆಕೆಟ್ಟುಹೋಗಿತ್ತು. ತಾತನನ್ನು ಪಕ್ಕಕ್ಕೆ ಕರೆದು ಕೇಳಿದೆ: "ತಾತ, ನಿಜ ಹೇಳಿ. ಅದು ನಿಮ್ಮ ಮಂತ್ರಕ್ಕೇ ಹೋಗಿದ್ದಾ?"

ತಾತ ಅತ್ತೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದ. "ನಿನ್ತಾವ ಸುಳ್ಳ್ಯಾಕವ್ವ ಏಳ್ಲಿ? ಹುಡುಗ ಆಗಿದ್ದಾಗಿಂದ ಊರೋರ್ಗೆಲ್ಲ ಗಾಳಿ ಬುಡಿಸ್ಕಂಡು ಬಂದಿವ್ನಿ. ಅದು ಆಚ್ಗೆ ಬರೋದ ಕಣ್ಣಾರೆ ಕಂಡಿದ್ದು ನೆನ್ನೇನೇ ಮೊದ್ಲು!"